ಕಾಲುವೆ ಏರಿಯ ಮೇಲೆ ಫ್ರಾನ್ಸ್: ಮೋಟಾರು ಗದ್ದಲವಿಲ್ಲದ ಸೈಕಲ್ ಪ್ರವಾಸಕ್ಕೆ ಕೈಪಿಡಿ

ಫ್ರಾನ್ಸ್ ಪ್ರವಾಸ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪ್ಯಾರಿಸ್ಸಿನಲ್ಲಿ ಎರಡು ದಿನ, ಆಮೇಲೆ ಬಸ್ಸಿನಲ್ಲಿ ಸ್ವಿಟ್ಜರ್ಲೆಂಡಿನ ಕಡೆಗೆ. ಸೈಕಲ್ ಹುಚ್ಚು ಹತ್ತಿದವರು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸವಾರಿಯ ಬಗ್ಗೆ ಕೇಳಿರುತ್ತಾರೆ. 1,200 ಕಿ.ಮೀ.ಗಳನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಬೇಕಾದ ಆ ಸವಾರಿಗೆ ಬೆಂಗಳೂರಿನಿಂದಲೂ ಜನ ಹೋಗುತ್ತಾರೆ. ಅಷ್ಟು ಕಸರತ್ತು ಬೇಡ, ದಿನಕ್ಕೆ 50 ಕಿ.ಮೀ. ಸಾಕು, ಹಿಂದಿನಿಂದ ಲಾರಿ ಹಾರ್ನ್ ಕೇಳಿಸದಿದ್ದರೆ ಸಾಕು ಎನ್ನುವವರಿಗಾಗಿ ಈ ಬರಹ. ಹಳೆಯ ರೈಲು ಹಳಿಗಳ ಜಾಗದಲ್ಲಿ, ಕಾಲುವೆಯ ಏರಿಗಳ ಮೇಲೆ ಮಾಡಿದ ಹಾದಿಗಳು ಅಲ್ಲಿನ ಹಳ್ಳಿಗಾಡಿನ ಉದ್ದಗಲಕ್ಕೂ ಹಬ್ಬಿವೆ. ಮಕ್ಕಳು, ಅರವತ್ತು ದಾಟಿದವರು ಕೂಡ ಸಾಮಾನು ಹೇರಿಕೊಂಡು ಆರಾಮಾಗಿ ಹೋಗುತ್ತಾರೆ.

1. ಎರಡು ಬಗೆಯ ಹಾದಿ, ವ್ಯತ್ಯಾಸ ತಿಳಿದಿರಲಿ

ನಕ್ಷೆಯಲ್ಲಿ ಎರಡು ಹೆಸರು ಮತ್ತೆ ಮತ್ತೆ ಕಾಣುತ್ತವೆ. ‘ವ್ವಾ ವೆರ್ತ್’ ಎಂದರೆ ಮೋಟಾರು ವಾಹನಗಳಿಗೆ ಪ್ರವೇಶವೇ ಇಲ್ಲದ ಹಾದಿ. ಸೈಕಲ್ಲಿನವರು, ನಡೆಯುವವರು, ಕೆಲವೆಡೆ ಕುದುರೆ ಸವಾರರು ಮಾತ್ರ. ‘ವೇಲೊರೂತ್’ ಎಂದರೆ ದೂರದ ಊರುಗಳನ್ನು ಜೋಡಿಸುವ, ಫಲಕ ಹಾಕಿದ ಸೈಕಲ್ ಮಾರ್ಗ. ಇದರಲ್ಲಿ ಅರ್ಧ ದಾರಿ ವ್ವಾ ವೆರ್ತ್ ಇರಬಹುದು, ಉಳಿದದ್ದು ಕಾರು ವಿರಳವಾಗಿ ಓಡಾಡುವ ಹಳ್ಳಿ ರಸ್ತೆ ಇರಬಹುದು. ಎಲ್ಲರ ಬಾಯಲ್ಲಿರುವ ಲ್ವಾರ್ ನದಿಯ ಮಾರ್ಗ ಸುಮಾರು 900 ಕಿ.ಮೀ. ಉದ್ದದ ವೇಲೊರೂತ್. ಸೊಗಸಾದ ಮಾರ್ಗವೇ, ಆದರೆ ಅದರಲ್ಲಿ ರಸ್ತೆ ಹಂಚಿಕೊಳ್ಳುವ ಭಾಗಗಳು ಸಾಕಷ್ಟಿವೆ. ಮಕ್ಕಳನ್ನು ಕರೆದೊಯ್ಯುವವರು ಹೆಸರಿಗೆ ಮರುಳಾಗದೆ, ನಕ್ಷೆಯಲ್ಲಿ ವ್ವಾ ವೆರ್ತ್ ಭಾಗ ಎಷ್ಟು ಎಂದು ಮೊದಲು ನೋಡಬೇಕು.

2. ಹಾದಿಯ ಜಾತಕ ನೋಡಿ

ಹಾದಿ ಹುಟ್ಟಿದ್ದು ಯಾತಕ್ಕೆ ಎಂದು ತಿಳಿದರೆ ಅದರ ಗುಣ ಮುಕ್ಕಾಲು ಪಾಲು ತಿಳಿದ ಹಾಗೆ.

*ರೈಲು ಹಾದಿ:* ಉಗಿಬಂಡಿ ಕಡಿದಾದ ಏರು ಹತ್ತಲಾರದು. ಹಾಗಾಗಿ ಹಳಿ ಕಿತ್ತು ಮಾಡಿದ ಹಾದಿಯಲ್ಲಿ ಏರು ಇದ್ದರೂ ಕಾಲಿಗೆ ಭಾರವಾಗುವುದಿಲ್ಲ. ಹೆಚ್ಚಿನ ಕಡೆ ಡಾಂಬರು ಇರುತ್ತದೆ, ಹಳೆಯ ನಿಲ್ದಾಣಗಳು ಕೆಫೆಗಳಾಗಿರುತ್ತವೆ. ಫ್ರಾನ್ಸಿನ ಮೊದಲ ವ್ವಾ ವೆರ್ತ್ 1997ರಲ್ಲಿ ಬರ್ಗಂಡಿಯ ಜಿವ್ರಿ ಮತ್ತು ಕ್ಲ್ಯೂನಿ ಊರುಗಳ ನಡುವೆ ತೆರೆದದ್ದು ಹೀಗೆಯೇ. ಉದ್ದ 44 ಕಿ.ಮೀ. ಕ್ಲ್ಯೂನಿಯಿಂದ ದಕ್ಷಿಣಕ್ಕೆ ಮುಂದುವರಿದರೆ 1.6 ಕಿ.ಮೀ. ಉದ್ದದ ಬ್ವಾ ಕ್ಲೇರ್ ಸುರಂಗ ಸಿಗುತ್ತದೆ. ಬಾವಲಿಗಳ ಚಳಿಗಾಲದ ನಿದ್ದೆಗೆ ತೊಂದರೆಯಾಗಬಾರದೆಂದು ಆ ತಿಂಗಳುಗಳಲ್ಲಿ ಅದನ್ನು ಮುಚ್ಚುತ್ತಾರೆ. ಉತ್ತರದಲ್ಲಿ, ದಿಯೆಪ್ ಬಂದರಿನ ಬಳಿಯಿಂದ ಫೋರ್ಜ್-ಲೇಝೋಗೆ ಸುಮಾರು 45 ಕಿ.ಮೀ. ಹೋಗುವ ಹಾದಿಯೂ ಇದೇ ಜಾತಿಯದು.

*ಕಾಲುವೆ ಹಾದಿ:* ಹಿಂದೆ ಕುದುರೆಗಳು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ದಂಡೆಯೇ ಇಂದಿನ ಸೈಕಲ್ ದಾರಿ. ನೀರಿನಷ್ಟೇ ಸಮತಟ್ಟು. ದೋಣಿಗಳನ್ನು ಹತ್ತಿಸಿ ಇಳಿಸುವ ಬಾಗಿಲುಕಟ್ಟೆ, ಅಂದರೆ ‘ಲಾಕ್’ ಇರುವಲ್ಲಿ ಮಾತ್ರ ಒಂದೆರಡು ಆಳೆತ್ತರದ ಚಿಕ್ಕ ದಿಬ್ಬ. ಬ್ರಿಟನಿ ಪ್ರಾಂತದ ನಾಂತ್–ಬ್ರೆಸ್ತ್ ಕಾಲುವೆ 360 ಕಿ.ಮೀ.ಗೂ ಉದ್ದ, ಅಲ್ಲಿನ ದಂಡೆ ಹೆಚ್ಚಾಗಿ ಗಟ್ಟಿ ಮಾಡಿದ ಸಣ್ಣ ಜಲ್ಲಿಯದು, ಮಳೆ ಬಂದರೆ ಚಕ್ರ ಸ್ವಲ್ಪ ಹಿಡಿಯುತ್ತದೆ.

*ನದಿ ಹಾದಿ:* ಪ್ರವಾಹ ತಡೆಯಲು ಕಟ್ಟಿದ ಒಡ್ಡುಗಳ ಮೇಲೆ ಸಾಗುತ್ತದೆ. ನೋಟ ವಿಶಾಲ, ನೆರಳು ಕಡಿಮೆ, ಗಾಳಿಯದೇ ಕಾರುಬಾರು. ಲ್ವಾರ್ ಕಣಿವೆಯಲ್ಲಿ ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ನದಿ ಹರಿಯುವ ದಿಕ್ಕಿಗೇ ಹೋದರೆ ಸುಲಭ ಎಂದುಕೊಂಡವರು ಅಲ್ಲಿ ಎದುರುಗಾಳಿಗೆ ಸಿಕ್ಕಿ ಏದುಸಿರು ಬಿಡುತ್ತಾರೆ.

ಮೊದಲ ಸಲ ಹೊರಟವರು ಕಾಲುವೆ ಅಥವಾ ರೈಲು ಹಾದಿ ಹಿಡಿಯುವುದೇ ಜಾಣತನ.

3. ಐದು ದಿನದ ಒಂದು ಮಾರ್ಗ: ಬೋರ್ಡೋದಿಂದ ತುಲೂಜ್

ನೈಋತ್ಯ ಫ್ರಾನ್ಸಿನ ಈ ದಾರಿಯಲ್ಲಿ ರೈಲು ಹಾದಿ, ಕಾಲುವೆ ಹಾದಿ ಎರಡೂ ಸಿಗುತ್ತವೆ. ಒಟ್ಟು ಸುಮಾರು 260 ಕಿ.ಮೀ.

*ದಿನ 1:* ಬೋರ್ಡೋ ನಗರದ ಅಂಚಿನಿಂದ ಸೋವ್‌ತೇರ್-ದ-ಗ್ಯುಯೆನ್‌ವರೆಗೆ ಸುಮಾರು 55 ಕಿ.ಮೀ. 1937ರ ಟೂರ್ ದ ಫ್ರಾನ್ಸ್ ಗೆದ್ದ ರೋಜೆ ಲಾಪೆಬಿ ಹೆಸರಿನ ಡಾಂಬರು ಹಾದಿ. ಕಾಡು, ದ್ರಾಕ್ಷಿ ತೋಟ, ಒಂದು ಸುರಂಗ.

*ದಿನ 2:* ಲಾ ರಿಯೋಲ್ ಬಳಿ ಗಾರೋನ್ ನದಿ ದಾಟಿ ಕಾಲುವೆ ಸೇರುವವರೆಗಿನ ಸುಮಾರು 15 ಕಿ.ಮೀ. ಹಳ್ಳಿ ರಸ್ತೆ, ಏರಿಳಿತವೂ ಉಂಟು. ಇಡೀ ಪ್ರವಾಸದಲ್ಲಿ ಕಾರುಗಳ ಜತೆ ಹೋಗಬೇಕಾದ ದೊಡ್ಡ ಭಾಗ ಇದೊಂದೇ. ಬೆಳಿಗ್ಗೆ ಬೇಗ ಮುಗಿಸಿ. ಸಂಜೆಗೆ ಮಾಸ್-ದಜನೆ. ಈ ಪುಟ್ಟ ಊರಿನ ಚರ್ಚಿನಲ್ಲಿ ಶಿಲುಬೆಯ ಮೇಲಿನ ಯೇಸುವಿನ ಚಿತ್ರವೊಂದಿದೆ. 1631ರಲ್ಲಿ ಅದನ್ನು ಬರೆದವನು ರೆಂಬ್ರಾಂಟ್.

*ದಿನ 3:* ಅಜಾಂ ಊರಿನವರೆಗೆ ಸುಮಾರು 50 ಕಿ.ಮೀ. ಊರು ಪ್ರವೇಶಿಸುವ ಮೊದಲು ಕಾಲುವೆ ನಾಲ್ಕು ಲಾಕ್ ಹತ್ತಿ, 23 ಕಮಾನುಗಳ ಸೇತುವೆಯ ಮೇಲೆ ನದಿಯನ್ನೇ ದಾಟುತ್ತದೆ. ಕೆಳಗೆ ಗಾರೋನ್ ನದಿ, ಮೇಲೆ ಕಾಲುವೆಯ ನೀರಿನಲ್ಲಿ ದೋಣಿ, ಪಕ್ಕದ ಕಿರುದಾರಿಯಲ್ಲಿ ನೀವು. ಒಂದು ದೋಣಿ ಲಾಕ್ ಹತ್ತುವುದನ್ನು ನಿಂತು ನೋಡಿ: ದೋಣಿ ಒಳಹೊಕ್ಕ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತದೆ, ಮೇಲಿನ ತೂಬಿನಿಂದ ನೀರು ನುಗ್ಗುತ್ತದೆ, ದೋಣಿ ಮೆಲ್ಲಗೆ ಮೇಲೇಳುತ್ತದೆ, ನೀರು ಸಮವಾದ ಮೇಲಷ್ಟೇ ಮುಂದಿನ ಬಾಗಿಲು ತೆರೆದುಕೊಳ್ಳುತ್ತದೆ.

*ದಿನ 4:* ಮುವಾಸಾಕ್‌ಗೆ ಸುಮಾರು 45 ಕಿ.ಮೀ. ಬೇಗ ತಲುಪಿ, 1100ರ ಹೊತ್ತಿಗೆ ಮುಗಿದ ಮಠದ ಕೆತ್ತನೆಯ ಕಂಬಸಾಲು ನೋಡಿ.

*ದಿನ 5:* ತುಲೂಜ್‌ಗೆ ಸುಮಾರು 65 ಕಿ.ಮೀ. ನಡುವೆ ಮೋಂತೆಶ್‌ನಲ್ಲಿ 1974ರ ವಿಚಿತ್ರ ಯಂತ್ರವೊಂದಿದೆ: ಇಳಿಜಾರು ತೊಟ್ಟಿಯಲ್ಲಿ ದೋಣಿಯನ್ನು ಅದರಡಿಯ ನೀರಿನ ಸಮೇತ ಎರಡು ಎಂಜಿನ್‌ಗಳು ಮೇಲಕ್ಕೆ ತಳ್ಳುತ್ತಿದ್ದವು. ಈಗ ಅದು ಕೆಲಸ ನಿಲ್ಲಿಸಿದೆ.

ಈ ಕಾಲುವೆ 1856ರಲ್ಲಿ ಪೂರ್ಣಗೊಂಡಿತು. ಅದೇ ಹೊತ್ತಿಗೆ ಪಕ್ಕದಲ್ಲೇ ರೈಲು ಬಂದು ಅದರ ವ್ಯಾಪಾರವನ್ನು ಕಿತ್ತುಕೊಂಡಿತು. ಸೈಕಲ್ಲಿನವರಿಗೆ ಇದರಿಂದ ಲಾಭವೇ. ಮಾರ್ಮಾಂದ್, ಅಜಾಂ, ಮುವಾಸಾಕ್, ಮೋಂತೊಬಾಂ ಎಲ್ಲ ಕಡೆ ನಿಲ್ದಾಣಗಳಿವೆ. ಮಂಡಿ ನೋವು ಬಂದರೂ, ಮಳೆ ಹಿಡಿದರೂ ‘ತೇಎರ್’ ಎಂಬ ಪ್ರಾದೇಶಿಕ ರೈಲಿಗೆ ಸೈಕಲ್ ಹತ್ತಿಸಿ ಮುಂದಿನ ಊರಿಗೆ ಹೋಗಬಹುದು.

ತುಲೂಜ್‌ನಿಂದ ಮುಂದೆ 1681ರಲ್ಲಿ ಮುಗಿದ, ಯುನೆಸ್ಕೊ ಪಟ್ಟಿಯಲ್ಲಿರುವ ಮಿದಿ ಕಾಲುವೆ ಸಿಗುತ್ತದೆ. ಮೊದಲ 50 ಕಿ.ಮೀ. ಡಾಂಬರು. ಆಮೇಲೆ ಅನೇಕ ಕಡೆ ಮಣ್ಣುದಾರಿ, ಎದ್ದುನಿಂತ ಬೇರುಗಳು. ಶಿಲೀಂಧ್ರ ರೋಗ ತಗುಲಿ ಸಾವಿರಾರು ಪ್ಲೇನ್ ಮರಗಳನ್ನು ಕಡಿದಿರುವುದರಿಂದ ಹಲವೆಡೆ ನೆರಳೂ ಇಲ್ಲ. ಅಭ್ಯಾಸವಾದ ಮೇಲೆ ಅತ್ತ ಹೋದರಾಯಿತು.

4. ಯಾವ ತಿಂಗಳು?

ಮೇ, ಜೂನ್, ಸೆಪ್ಟೆಂಬರ್ ಉತ್ತಮ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಇಡೀ ಫ್ರಾನ್ಸ್ ರಜೆಯ ಮೇಲಿರುತ್ತದೆ; ಕೋಣೆ ಸಿಗುವುದು ಕಷ್ಟ, ದಕ್ಷಿಣದಲ್ಲಿ ಬಿಸಿಲೂ ಜೋರು.

5. ವೀಸಾ ಮತ್ತು ರೈಲು

ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಸಲ್ಲಿಸಬಹುದು, ಬೆಂಗಳೂರಿನಲ್ಲೇ ಕೇಂದ್ರವಿದೆ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ವಿಮೆ ಮಾಡಿಸುವಾಗ ಸೈಕಲ್ ಅಪಘಾತವೂ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದನ್ನು ದಿನವಾರು ಬರೆದು ಅರ್ಜಿಗೆ ಲಗತ್ತಿಸಿ. ರದ್ದು ಮಾಡಬಹುದಾದ ಬುಕಿಂಗ್ ಮಾಡಿ. ಪ್ಯಾರಿಸ್ಸಿನಿಂದ ಬೋರ್ಡೋಗೆ ಟಿ.ಜಿ.ವಿ. ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಈ ವೇಗದ ರೈಲುಗಳಲ್ಲಿ ಬಿಚ್ಚದ ಸೈಕಲ್ಲಿಗೆ ಜಾಗ ಕಡಿಮೆ, ಮೊದಲೇ ಕಾಯ್ದಿರಿಸಬೇಕು.

6. ಸೈಕಲ್: ಒಯ್ಯುವುದೋ, ಬಾಡಿಗೆಯೋ?

ಒಂದು ವಾರದ ಸವಾರಿಗೆ ಬಾಡಿಗೆಯೇ ಲೇಸು. ವಿಮಾನಕ್ಕೆ ಸೈಕಲ್ ಬಿಚ್ಚಿ, ಡಬ್ಬಕ್ಕೆ ತುಂಬಿ, ಅಲ್ಲಿ ಮತ್ತೆ ಜೋಡಿಸುವ ರಗಳೆ ತಪ್ಪುತ್ತದೆ. ಅಂಗಡಿಯವರನ್ನು ನಾಲ್ಕು ಮಾತು ಕೇಳಿ: ಟೈರ್ 35 ಮಿ.ಮೀ.ಗಿಂತ ಅಗಲ ಇದೆಯೇ? ಬದಿಚೀಲ, ಬೀಗ, ಪಂಕ್ಚರ್ ಸಾಮಾನು ಕೊಡುತ್ತೀರಾ? ಬೇರೆ ಊರಿನಲ್ಲಿ ವಾಪಸು ಕೊಡಬಹುದೇ? ನನ್ನ ಎತ್ತರಕ್ಕೆ ಹೊಂದುವ ಸೈಜು ಇದೆಯೇ? ಎತ್ತರವನ್ನು ಸೆಂಟಿಮೀಟರಿನಲ್ಲಿ ತಿಳಿಸಿ.

ಹೊರಡುವ ಮುಂಚೆ ಬ್ರೇಕ್ ಪರೀಕ್ಷಿಸಿ. ಅಲ್ಲಿ ಎಡಗೈ ಲಿವರ್ ಸಾಮಾನ್ಯವಾಗಿ ಮುಂದಿನ ಚಕ್ರದ್ದು. ನಮ್ಮ ಅನೇಕ ಸೈಕಲ್‌ಗಳಲ್ಲಿ ಇದು ತಿರುವುಮುರುವು. ಸಾಮಾನು ಎಂಟು ಹತ್ತು ಕೆ.ಜಿ. ಮೀರದಿರಲಿ. ಹಾದಿಗೆ ರಸ್ತೆ ಅಡ್ಡ ಬರುವಲ್ಲೆಲ್ಲ ಕಾರು ನುಸುಳದಂತೆ ಗೇಟು, ಕಂಬಗಳನ್ನು ನೆಟ್ಟಿರುತ್ತಾರೆ. ಉಬ್ಬಿದ ಬದಿಚೀಲ ಅಲ್ಲಿ ಸಿಕ್ಕಿಕೊಂಡರೆ ಇಳಿದು, ಸೈಕಲ್ ಓರೆ ಮಾಡಿ ದಾಟಿಸಬೇಕಾಗುತ್ತದೆ.

7. ತಂಗುವುದು, ಉಣ್ಣುವುದು

ಬಾಗಿಲ ಬಳಿ ‘ಆಕ್ಯೂಯ್ ವೇಲೊ’ ಫಲಕವಿದ್ದರೆ ಸೈಕಲ್ಲಿನವರಿಗೆ ಅನುಕೂಲವಿದೆ ಎಂದರ್ಥ: ಮಾರ್ಗದಿಂದ ಐದು ಕಿ.ಮೀ. ಒಳಗಿನ ಜಾಗ, ಸೈಕಲ್ಲಿಗೆ ಭದ್ರ ಕೋಣೆ, ರಿಪೇರಿ ಸಾಮಾನು. ಮನೆಯವರೇ ಕೋಣೆ ಕೊಟ್ಟು ತಿಂಡಿ ಹಾಕುವ ‘ಶಾಂಬ್ರ್ ದೋತ್’ಗಳು ಹಳ್ಳಿಗಳಲ್ಲಿ ಸಿಗುತ್ತವೆ. ಟೆಂಟ್ ಇದ್ದವರಿಗೆ ಊರಿನ ಆಡಳಿತ ನಡೆಸುವ ಕ್ಯಾಂಪಿಂಗ್ ಜಾಗಗಳು ಅಗ್ಗ.

ಊಟದ ಗಡಿಯಾರ ಕಟ್ಟುನಿಟ್ಟು. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಹಳ್ಳಿ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ, ಸೋಮವಾರ ಅನೇಕವು ತೆರೆಯುವುದೇ ಇಲ್ಲ. ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್, ಸಂತೆಯಲ್ಲಿ ಚೀಸು, ಟೊಮೆಟೊ, ಹಣ್ಣು ಕೊಂಡು ಚೀಲಕ್ಕೆ ಹಾಕಿಕೊಂಡರೆ ನಿಶ್ಚಿಂತೆ. ಯಾವ ಅಂಗಡಿಗೆ ಕಾಲಿಟ್ಟರೂ ಮೊದಲು ‘ಬೋಂಜೂರ್’ ಅನ್ನಿ. ಅದು ಬಿಟ್ಟು ನೇರ ಬೆಲೆ ಕೇಳುವುದು ಅಲ್ಲಿ ಒರಟುತನ.

ಸಸ್ಯಾಹಾರಿಗಳು ‘ಸಾಂ ವಿಯಾಂದ್, ಸಾಂ ಪುವಾಸೋಂ’ (ಮಾಂಸ ಬೇಡ, ಮೀನು ಬೇಡ) ಎಂದು ಬಾಯಿಬಿಟ್ಟು ಹೇಳಲೇಬೇಕು. ಈ ನೈಋತ್ಯ ಸೀಮೆಯಲ್ಲಿ ಬಾತುಕೋಳಿಯದೇ ರಾಜ್ಯಭಾರ, ಸಲಾಡ್ ಎಂದು ತರಿಸಿದರೂ ಅದರ ತುಣುಕು ಬಂದೀತು. ಆಮ್ಲೆಟ್ ತಿನ್ನುವವರಿಗೆ ದಾರಿ ಸುಲಭ. ಚಟ್ನಿಪುಡಿ ಪೊಟ್ಟಣ ಜತೆಗಿರಲಿ. ತುಪ್ಪ, ಪೇಡದಂಥ ಹಾಲಿನ ಪದಾರ್ಥ ಒಯ್ಯಬೇಡಿ, ಐರೋಪ್ಯ ಒಕ್ಕೂಟದೊಳಕ್ಕೆ ಅವಕ್ಕೆ ಪ್ರವೇಶವಿಲ್ಲ.

ನೀರು ಮುಗಿದರೆ ಹಳ್ಳಿಯ ಸ್ಮಶಾನ ಹುಡುಕಿ. ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ.

8. ಕಾನೂನು

- ಸಂಚಾರ ಬಲಗಡೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ.
- ಗಂಟೆ, ಮುಂದೆ ಹಿಂದೆ ದೀಪ ಬೇಕು. ರಾತ್ರಿ ಊರಾಚೆ ಪ್ರತಿಫಲನ ಜಾಕೆಟ್ ಕಡ್ಡಾಯ.
- 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ಹಾಕಿಕೊಳ್ಳುವುದು ಒಳ್ಳೆಯದು.
- ಸವಾರಿ ಮಾಡುವಾಗ ಇಯರ್‌ಫೋನ್ ನಿಷಿದ್ಧ, ದಂಡವಿದೆ.
- ನಡೆಯುವವರನ್ನು ಹಿಂದಿಕ್ಕುವಾಗ ಗಂಟೆ ಬಾರಿಸಿ, ವೇಗ ಇಳಿಸಿ.
- ತುರ್ತಿಗೆ 112.

9. ಹೊರಡುವ ಮುನ್ನ

ಪ್ರಯಾಣಕ್ಕೆ ಎರಡು ತಿಂಗಳು ಇರುವಾಗ, ತುಂಬಿದ ಚೀಲ ಕಟ್ಟಿಕೊಂಡು ಸತತ ಎರಡು ದಿನ 50 ಕಿ.ಮೀ. ತುಳಿದು ನೋಡಿ. ಮೊದಲ ದಿನ ಯಾರು ಬೇಕಾದರೂ ತುಳಿದಾರು. ಸೀಟಿನ ಎತ್ತರ ಸರಿಯಿಲ್ಲದಿದ್ದರೆ ಮಂಡಿ, ಸೊಂಟ ದೂರು ಹೇಳುವುದು ಎರಡನೆಯ ಬೆಳಿಗ್ಗೆ. ಆ ಬೆಳಿಗ್ಗೆ ಸಲೀಸಾಗಿ ಸೈಕಲ್ ಹತ್ತಿದಿರಿ ಎಂದಾದರೆ ಈ ಐದು ದಿನದ ಮಾರ್ಗ ನಿಮಗೆ ಭಾರವಾಗದು. ಹತ್ತಲಾಗದಿದ್ದರೆ ಪ್ರವಾಸ ಕೈಬಿಡಬೇಕಿಲ್ಲ, ದಿನದ ದೂರವನ್ನು ಸುಮಾರು 37 ಕಿ.ಮೀ.ಗೆ ಇಳಿಸಿ, ಎರಡು ದಿನ ಹೆಚ್ಚು ಇಟ್ಟುಕೊಳ್ಳಿ.