ಚೀಟಿ ಎತ್ತಬೇಕಾದ ಹೊತ್ತು

ನಿವೃತ್ತನಾದ ಗಣಿತದ ಉಪಾಧ್ಯಾಯನೊಬ್ಬನು ಕಾಟಿಪಳ್ಳದ ತರುಣರ ಆನ್‌ಲೈನ್ ಆಟಕ್ಕೆ ನಿಯಮ ಬರೆಯುವ ಕೆಲಸಕ್ಕೆ ಬಿದ್ದುದು ಹೇಗೆಂಬುದು ದೊಡ್ಡ ವೃತ್ತಾಂತವೇನೂ ಅಲ್ಲ. ಸಂಭವದ ಲೆಕ್ಕವೊಂದು ತಾಳೆಯಾಗದೆ ನನ್ನ ಅಳಿಯನು, ಎಂದರೆ ತಂಗಿಯ ಮಗನು, ನನ್ನಲ್ಲಿಗೆ ಬಂದನು; ನಾನು ಅದನ್ನು ಸರಿಪಡಿಸಿಕೊಟ್ಟೆನು; ಸರಿಪಡಿಸಿದವನ ತಲೆಗೇ ಹೊಣೆಯನ್ನು ಕಟ್ಟುವ ಲೋಕರೂಢಿಗೆ ಅನುಸಾರವಾಗಿ, ಅಂದಿನಿಂದ ಕ್ವೆಸ್ಟುಗಳ, ಎಂದರೆ ಆಟದೊಳಗಿನ ಸಾಹಸಕಾರ್ಯಗಳ, ಕಾಠಿಣ್ಯ, ಅವುಗಳಲ್ಲಿ ಅದೃಷ್ಟದ ಪಾಲು, ಉಭಯಪಕ್ಷಗಳ ಬಲಾಬಲ, ಈ ಮೂರೂ ನನ್ನ ಪಾಲಿಗೆ ಬಂದವು.

ಆಟವು ನಡೆಯುವುದು ಡಿಸ್ಕಾರ್ಡಿನಲ್ಲಿ. ಚಿತ್ರ ಕಡಿಮೆ, ಬರಹ ಹೆಚ್ಚು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಆರಂಭಿಸಿ ರಿಚರ್ಡ್ ಬಾರ್ಟಲ್ ಎಂಬವನು ಮುಂದುವರಿಸಿದ 'ಮಡ್' ಎಂಬ ಅಕ್ಷರಮಾತ್ರದ ಆಟದ ದೂರದ ಸಂತತಿ ಎನ್ನಬಹುದು. ನಮ್ಮ ಕರಾವಳಿಯನ್ನೇ ಹೋಲುವ ಕಲ್ಪಿತ ನಾಡು, ಅದರಲ್ಲಿ ಕಡಲಿನವರು, ಘಟ್ಟದವರು ಎಂಬ ಎರಡು ಪಕ್ಷ. ಆಡುವವರಲ್ಲಿ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿಯೇ ಇರುವವರು ಕೆಲವರು, ಬೆಂಗಳೂರಿಗೆ ಹೋದವರು ಕೆಲವರು, ದುಬೈ, ಶಾರ್ಜಾ, ದಮ್ಮಾಮುಗಳಲ್ಲಿ ದುಡಿಯುವವರು ಕೆಲವರು.

ಮುಳುಗಿದ ಪತ್ತೇಮಾರಿಯ ಒಡಲಿನಿಂದ ಕಂಚಿನ ಗಂಟೆಯೊಂದನ್ನು ಎತ್ತಿತರಬೇಕೆಂಬುದು ಅವರ ಮೊದಲನೆಯ ಕ್ವೆಸ್ಟು. ಒಂದೊಂದು ಸಲ ಮುಳುಗಿದಾಗಲೂ ಗಂಟೆ ಸಿಕ್ಕುವ ಸಂಭವವು ಹತ್ತರಲ್ಲಿ ಒಂದು; ಸಿಕ್ಕಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬಾಟ್ ಎಂಬ ತಂತ್ರಾಂಶ. ಹತ್ತರಲ್ಲಿ ಒಂದೆಂದು ಕೇಳಿದೊಡನೆ, ಹತ್ತು ಸಲ ಮುಳುಗಿದವನಿಗೆ ಗಂಟೆಯು ಸಿಕ್ಕಿಯೇ ತೀರಬೇಕೆಂದು ಆಡುವವನ ಮನಸ್ಸು ತಾನಾಗಿ ಒಪ್ಪಂದ ಮಾಡಿಕೊಂಡುಬಿಡುತ್ತದೆ. ಲೆಕ್ಕವು ಅಂಥ ಒಪ್ಪಂದಕ್ಕೆ ಸಹಿ ಹಾಕಿರುವುದಿಲ್ಲ. 0.9 ಎಂಬುದನ್ನು ಹತ್ತು ಬಾರಿ ತೆಗೆದುಕೊಂಡು ಗುಣಿಸಿದರೆ ಬರುವುದು ಸುಮಾರು 0.35, ಎಂದರೆ ನೂರು ಮಂದಿ ಹತ್ತು ಹತ್ತು ಸಲ ಮುಳುಗಿದರೆ ಸುಮಾರು 35 ಮಂದಿ ಬರಿಗೈಯಲ್ಲಿಯೇ ಮೇಲೇಳುವರು, ಮೂವತ್ತು ಸಲ ಮುಳುಗಿದ ಮೇಲೆಯೂ ನಾಲ್ವರು ಉಳಿಯುವರು. ಆ ನಾಲ್ವರು ಸುಮ್ಮನಿರುವವರಲ್ಲ. ಆಟದಲ್ಲಿ ಪಕ್ಷಗಳಿಲ್ಲದಿದ್ದರೆ ತಮ್ಮ ಹಣೆಬರಹವನ್ನು ಹಳಿದುಕೊಂಡು ಮಲಗುತ್ತಿದ್ದರೇನೋ; ಪಕ್ಷಗಳಿರುವಲ್ಲಿ ದುರದೃಷ್ಟವು ರಾತ್ರಿ ಬೆಳಗಾಗುವುದರೊಳಗೆ ಪಕ್ಷಪಾತದ ರೂಪವನ್ನು ತಾಳುತ್ತದೆ. "ಎಂತ ಮಾಷ್ಟ್ರೇ, ನಿಮ್ಮ ಬಾಟ್ ಘಟ್ಟದವರಿಗೆ ಮಾತ್ರ ಕೊಡುವುದಾ?" ಎಂದು ಕಡಲಿನವನೊಬ್ಬನು ಕೇಳಿದ ವಾರದಲ್ಲಿಯೇ, ಅದೇ ಪ್ರಶ್ನೆಯನ್ನು ಪಕ್ಷದ ಹೆಸರನ್ನಷ್ಟೇ ತಿರುಗಿಸಿ ಘಟ್ಟದವನೊಬ್ಬನು ಕೇಳಿದನು.

ಪರಿಹಾರವು ಸುಲಭದಲ್ಲಿಯೇ ದೊರೆಯಿತು. ಚೀಲದಲ್ಲಿ ಚೀಟಿಗಳನ್ನಿಟ್ಟು ಒಂದರಲ್ಲಿ ಮಾತ್ರ ಗಂಟೆಯೆಂದು ಬರೆದು, ಎತ್ತಿದ ಚೀಟಿಯನ್ನು ಮರಳಿ ಹಾಕದಿದ್ದರೆ, ಎಂದಾದರೊಂದು ದಿನ ಗಂಟೆಯು ಸಿಕ್ಕಲೇಬೇಕು. ಚೀಟಿಗಳು ಹತ್ತಾದರೆ ಸರಾಸರಿ ಐದೂವರೆ ಸಲಕ್ಕೇ ಗಂಟೆ ಸಿಕ್ಕಿ ಕ್ವೆಸ್ಟು ತೀರ ಅಗ್ಗವಾಗುತ್ತದೆ. 19 ಚೀಟಿಗಳಾದರೆ ಸರಾಸರಿಯು ಮೊದಲಿನ ಹತ್ತೇ ಆಗಿ ಉಳಿದು, ಇಪ್ಪತ್ತನೆಯ ಸಲ ಮುಳುಗುವ ದುರ್ಗತಿ ಯಾರಿಗೂ ಒದಗುವುದಿಲ್ಲ. ಇದೇನೂ ನನ್ನ ಆವಿಷ್ಕಾರವಲ್ಲ. ವಾರ್‌ಕ್ರಾಫ್ಟ್ 3 ಎಂಬ ಆಟದಲ್ಲಿ ಒಂದೊಂದು ಸೋಲಿಗೂ ಮುಂದಿನ ಗೆಲುವಿನ ಸಂಭವವನ್ನು ಸ್ವಲ್ಪ ಸ್ವಲ್ಪವೇ ಏರಿಸುವ ಉಪಾಯವನ್ನು ಮಾಡಿದ್ದರು. ಸಿವಿಲೈಸೇಶನ್ ಆಟದ ಕರ್ತೃವಾದ ಸಿಡ್ ಮೈಯರ್ 2010ರಲ್ಲಿ ಆಟನಿರ್ಮಾಪಕರ ಸಮ್ಮೇಳನದಲ್ಲಿ ಮಾತನಾಡುತ್ತ, ಮೂರಕ್ಕೆ ಒಂದರಂತೆ ಬಲ ತನ್ನ ಕಡೆಗಿರುವಾಗ ಸೋತ ಆಟಗಾರನು ಅನ್ಯಾಯವೆಂದು ಕೂಗುವನೆಂದೂ, ಅದೇ ಪ್ರಮಾಣದ ದುರ್ಬಲ ಸ್ಥಿತಿಯಲ್ಲಿ ತಾನು ಗೆದ್ದಾಗ ಲೆಕ್ಕದ ಮಾತನ್ನೇ ಎತ್ತನೆಂದೂ ಹೇಳಿದ್ದುಂಟು. ಮನುಷ್ಯಸ್ವಭಾವದ ಈ ವಕ್ರತೆಯನ್ನು ನಾನು ಉತ್ತರಪತ್ರಿಕೆಗಳ ಮರುಎಣಿಕೆಯ ದಿನಗಳಲ್ಲಿಯೇ ಬಲ್ಲವನಾದುದರಿಂದ ಆಶ್ಚರ್ಯಪಡಲಿಲ್ಲ.

ಹಾಗಾದರೆ ಅದೃಷ್ಟವನ್ನೇ ಹೊರಗಟ್ಟಬಾರದೇಕೆ ಎಂದು ಅಳಿಯನು ಕೇಳಿದನು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಗಳಲ್ಲಿ ಆಡುವ ಚೆನ್ನೆಮಣೆಯಲ್ಲಿ ಅದೃಷ್ಟಕ್ಕೆ ಎಳ್ಳಷ್ಟೂ ಎಡೆಯಿಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಎಲ್ಲವೂ ಕಣ್ಣೆದುರಿಗೆ. ಅದರಿಂದಲೇ, ಕೈ ಪಳಗಿದ ಅಜ್ಜಿಯೆದುರಿಗೆ ಕುಳಿತ ಮೊಮ್ಮಗಳು ನಾಲ್ಕು ಆಟ ಸೋತು ಐದನೆಯದಕ್ಕೆ ಎದ್ದುಹೋಗುತ್ತಾಳೆ. ದುರ್ಬಲನನ್ನು ಆಟದಲ್ಲಿ ಉಳಿಸಿಕೊಳ್ಳುವ ಶಕ್ತಿ ಅದೃಷ್ಟಕ್ಕೆ ಮಾತ್ರ ಉಂಟು.

ಕಾಠಿಣ್ಯದ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ಇನ್ನೊಂದು ಕ್ವೆಸ್ಟಾದ ಸುಂಕದ ಕಟ್ಟೆಯ ಮೇಲೆ ದಾಳಿ ಮಾಡುವವರ ಸಂಖ್ಯೆ ಇಮ್ಮಡಿಯಾದಾಗ ಕಾವಲಿನ ಬಲವನ್ನೂ ಇಮ್ಮಡಿಸಿದರೆ ಗೆಳೆಯನನ್ನು ಕರೆತಂದ ಪ್ರಯೋಜನವಿಲ್ಲ. ಏರಿಸದೆಯೇ ಬಿಟ್ಟರೆ ಸಂತೆಗೂಡಿ ಬಂದವರದೇ ರಾಜ್ಯ. ಒಂದೂವರೆ ಪಟ್ಟಿಗೆ ನಿಲ್ಲಿಸಿದೆವು.

ಮೂರನೆಯದಾದ ಪಕ್ಷಸಮತೋಲವೇ ನಿಜವಾದ ಗಂಡಾಂತರ. ಪಕ್ಷವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಆಟಗಾರರಿಗೇ ಬಿಟ್ಟಿದ್ದುದರಿಂದ, ಕೊಲ್ಲಿನಾಡಿನ ಹುಡುಗರು ಬಹುಮಟ್ಟಿಗೆ ಕಡಲಿನವರಾಗಿದ್ದರು. ಶಾರ್ಜಾದ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ದಮ್ಮಾಮಿನದು ಎರಡೂವರೆ ಗಂಟೆ ಹಿಂದೆ. ನಮ್ಮವರು ಊಟ ಮಾಡಿ ಮಲಗುವ ಹೊತ್ತಿಗೆ ಅವರು ಕೋಣೆಗೆ ಬಂದು ಫೋನು ಹಿಡಿಯುತ್ತಾರೆ. ಸೌದಿಯಲ್ಲಿ ವಾರದ ರಜೆ ಶುಕ್ರವಾರ, ಶನಿವಾರ, ಯು.ಎ.ಇ.ಯ ಸರಕಾರವಾದರೋ 2022ರ ಜನವರಿಯಿಂದ ಶನಿವಾರ, ಭಾನುವಾರಗಳಿಗೆ ಬದಲಿಸಿತು. ಹಾಗಾಗಿ ಶುಕ್ರವಾರ ಪ್ರಾರಂಭವಾಗುವ ಕ್ವೆಸ್ಟೊಂದು ದಮ್ಮಾಮಿನವರಿಗೆ ಹಬ್ಬವೂ ಬೆಂಗಳೂರಿನವರಿಗೆ ಕಚೇರಿಯ ದಿನವೂ ಆಗಿ, ಘಟ್ಟದವರು ಶನಿವಾರ ಕಣ್ಣು ಬಿಡುವಷ್ಟರಲ್ಲಿ ಕಟ್ಟೆಗಳೆಲ್ಲ ಕಡಲಿನವರ ವಶವಾಗಿರುತ್ತಿದ್ದವು. ಹೊಸದಾಗಿ ಸೇರುವವನು ಗೆಲ್ಲುವ ಪಕ್ಷವನ್ನೇ ಸೇರುವನು. ಗೆಲ್ಲುವ ಪಕ್ಷವು ಇದರಿಂದ ಇನ್ನಷ್ಟು ಗೆಲ್ಲುವುದು.

2004ರಲ್ಲಿ ಹೊರಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಅಲಯನ್ಸ್, ಹೋರ್ಡ್ ಎಂಬ ಎರಡು ಪಕ್ಷಗಳ ಇತಿಹಾಸವೇ ಇಂಥ ಓರೆಯನ್ನು ತಿದ್ದುವ ಪ್ರಯತ್ನಗಳ ಇತಿಹಾಸ. 2008ರಲ್ಲಿ ಅದರ ನಿರ್ಮಾಪಕರು ವಿಂಟರ್‌ಗ್ರಾಸ್ಪ್ ಎಂಬ ರಣರಂಗದಲ್ಲಿ, ಸಂಖ್ಯೆಯಲ್ಲಿ ಕಡಿಮೆಯಾದ ಪಕ್ಷದ ಯೋಧರಿಗೆ ಅಧಿಕ ಪ್ರಾಣವನ್ನೂ ಅಧಿಕ ಪ್ರಹಾರಶಕ್ತಿಯನ್ನೂ ಕೊಟ್ಟರು. ಇದರಿಂದ ಅಲ್ಪಸಂಖ್ಯೆಯವರು ಒಬ್ಬೊಬ್ಬರೂ ದೈತ್ಯರಾಗುತ್ತಿದ್ದರು. 2018ರ ವ್ಯವಸ್ಥೆಯಲ್ಲಿ ಬಲವನ್ನು ಮುಟ್ಟದೆ, ಬಡವಾದ ಪಕ್ಷದ ಪ್ರತಿಫಲವನ್ನು ಹೆಚ್ಚಿಸಿದರು. ಎರಡನೆಯದೇ ನನಗೆ ಹೆಚ್ಚು ಗೌರವಯುತವೆಂದು ತೋರುತ್ತದೆ: ಬಲವನ್ನು ದಾನ ಮಾಡಿದಲ್ಲಿ ಗೆದ್ದವನ ಗೆಲುವೂ ಕಲುಷಿತ, ಸೋತವನ ಸೋಲೂ ಕಲುಷಿತ. ನಾವೂ ಪ್ರತಿಫಲವನ್ನು ಏರಿಸಿ ನೋಡಿದೆವು. ಘಟ್ಟದವರು ಶ್ರೀಮಂತರಾದರು, ಗೆಲ್ಲಲಿಲ್ಲ.

ಇಲ್ಲಿ ನನ್ನ ಕೈಹಿಡಿದದ್ದು ಕೆಸರಿನ ಕರೆಯಲ್ಲಿ, ಎಂದರೆ ಓಟದ ಕಣದಲ್ಲಿ, ಕೋಣಗಳನ್ನು ಓಡಿಸುವ ಕಂಬಳ. ಹಗ್ಗ, ನೇಗಿಲು, ಅಡ್ಡಹಲಗೆಗಳಲ್ಲಿ ಜೋಡುಕರೆಯ ಒಂದು ಕರೆಯ ಕೋಣಗಳು ಇನ್ನೊಂದು ಕರೆಯ ಕೋಣಗಳನ್ನು ಹಿಂದಿಕ್ಕಬೇಕು. ಹಗ್ಗ, ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂಬ ವಿಭಾಗವಿರುವುದರಿಂದ ಎಳೆಯ ಕೋಣಕ್ಕೆ ಪಳಗಿದ ಕೋಣದ ಎದುರು ನಿಲ್ಲುವ ಶಿಕ್ಷೆಯಿಲ್ಲ. ಆದರೆ ಕನೆಹಲಗೆಯ ಧರ್ಮವೇ ಬೇರೆ. ಅಲ್ಲಿ ಎದುರಾಳಿಯಿಲ್ಲ, ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿದ ನಿಶಾನೆಯುಂಟು, ಹಲಗೆಯ ಮೇಲೆ ನಿಂತವನು ಆರೂವರೆ ಕೋಲಿನ, ಸಾಧ್ಯವಾದರೆ ಏಳೂವರೆ ಕೋಲಿನ ನಿಶಾನೆಗೆ ಕೆಸರುನೀರನ್ನು ಚಿಮ್ಮಿಸಬೇಕು. ಒಂದು ಜೋಡಿಯ ನೀರು ನಿಶಾನೆಯನ್ನು ಮುಟ್ಟಿತೆಂದು ಮತ್ತೊಂದು ಜೋಡಿಗೆ ನಷ್ಟವಿಲ್ಲ. ಕ್ವೆಸ್ಟುಗಳಲ್ಲಿ ಅರ್ಧದಷ್ಟನ್ನಾದರೂ ಹೀಗೆ ಕನೆಹಲಗೆಯ ಜಾತಿಗೆ ಸೇರಿಸಬೇಕೆಂದು ನಾನು ಹಟ ಹಿಡಿದೆನು. ಪತ್ತೇಮಾರಿಯ ಗಂಟೆಯು ಈಗ ಉಭಯಪಕ್ಷಗಳಿಗೂ ಬೇರೆ ಬೇರೆಯಾಗಿ ದೊರೆಯುತ್ತದೆ. ಸುಂಕದ ಕಟ್ಟೆ ಮಾತ್ರ ಜೋಡುಕರೆಯ ಓಟವಾಗಿ ಉಳಿದಿದೆ.

ಆದರೂ ಸಂಖ್ಯೆಯ ಓರೆಯು ನೇರವಾಗಲಿಲ್ಲ. ಆಗ ಹುಡುಗರೇ ಒಂದು ಸಲಹೆಯನ್ನು ತಂದರು: ಊರಿನ ಬ್ಲಾಕುಗಳಂತೆ ಪಕ್ಷಗಳನ್ನು ವಿಂಗಡಿಸೋಣ, ಈ ಬ್ಲಾಕಿನವರು ಕಡಲು, ಆ ಬ್ಲಾಕಿನವರು ಘಟ್ಟ. ಹೊರಗಿನವರಿಗೆ ಇದರಲ್ಲಿ ದೋಷವು ಕಾಣದು. ಪಣಂಬೂರಿನಲ್ಲಿ ನವಮಂಗಳೂರು ಬಂದರನ್ನು ಕಟ್ಟುವಾಗ ನೆಲೆ ಕಳೆದುಕೊಂಡ ಕುಟುಂಬಗಳಿಗೆ ನಿವೇಶನ ಕೊಟ್ಟು ಬೆಳೆಸಿದ ಊರು ನಮ್ಮದು. ಅದರಿಂದಲೇ ಬೀದಿಗಳಿಗಿಂತ ಬ್ಲಾಕುಗಳ ಸಂಖ್ಯೆಯೇ ಇಲ್ಲಿ ವಿಳಾಸ. ಆದರೆ 2022ರ ಜುಲೈಯಲ್ಲಿಯೂ ಡಿಸೆಂಬರಿನಲ್ಲಿಯೂ ಕೊಲೆಗಳು ನಡೆದು ನೆರೆಯ ಸುರತ್ಕಲ್ ಸುತ್ತಮುತ್ತ ನಿಷೇಧಾಜ್ಞೆ ಜಾರಿಯಾಗಿ, ಸಂಜೆಗೇ ಅಂಗಡಿಗಳ ಬಾಗಿಲು ಮುಚ್ಚಿದುದನ್ನು ಕಂಡವನಿಗೆ, ಬ್ಲಾಕಿನ ಹೆಸರು ಕೆಲವೊಮ್ಮೆ ಮತದ ಹೆಸರಿಗೆ ಎಷ್ಟು ಸಮೀಪವಾಗಬಲ್ಲದೆಂಬುದು ಗೊತ್ತು. ಆಟದ ಪಕ್ಷಕ್ಕೂ ಬೀದಿಯ ಪಕ್ಷಕ್ಕೂ ಒಂದೇ ಗೆರೆಯನ್ನು ಎಳೆಯಲು ನಾನು ಒಪ್ಪಲಿಲ್ಲ.

ಅದೃಷ್ಟಕ್ಕೆ ತಕ್ಕ ಸ್ಥಾನವು ಯಾವುದೆಂದು ನನಗೆ ಹೊಳೆದದ್ದು ಈ ವಾದದ ನಡುವೆ. ಪ್ರಯಾಸಪಟ್ಟ ಮೇಲೆ ಫಲವನ್ನು ಕೊಡುವುದೋ ಬಿಡುವುದೋ ಎಂದು ಚೀಟಿ ಎತ್ತುವುದಕ್ಕಿಂತ, ಪ್ರಯಾಸಕ್ಕೆ ಮೊದಲೇ ಯಾರು ಯಾರ ಜೊತೆಗೆಂದು ಚೀಟಿ ಎತ್ತುವುದು ಮೇಲು; ಮೊದಲನೆಯದನ್ನು ಜನರು ವಂಚನೆಯೆಂದು ಬೈಯುವರು, ಎರಡನೆಯದನ್ನು ಆಟದ ಆರಂಭವೆಂದು ಸ್ವೀಕರಿಸುವರು. ಆದರೆ ಎಲ್ಲರ ಹೆಸರನ್ನೂ ಒಂದೇ ಚೀಲಕ್ಕೆ ಸುರಿದರೆ ಕೊಲ್ಲಿಯವರೆಲ್ಲ ಮತ್ತೆ ಒಂದೇ ಕಡೆಗೆ ಬೀಳುವ ಸಂಭವವುಂಟು. ಆದುದರಿಂದ ಸೌದಿಯವರಿಗೊಂದು ಚೀಲ, ಯು.ಎ.ಇ.ಯವರಿಗೊಂದು, ಬೆಂಗಳೂರಿನವರಿಗೊಂದು, ಊರಿನವರಿಗೊಂದು. ಒಂದೊಂದು ಚೀಲದಿಂದಲೂ ಅರ್ಧ ಕಡಲಿಗೆ, ಅರ್ಧ ಘಟ್ಟಕ್ಕೆ. ಅಗಲಿರಲಾರದ ಇಬ್ಬರು ಗೆಳೆಯರು ಒಂದೇ ಚೀಟಿಯಲ್ಲಿ ಹೆಸರು ಬರೆಸಬಹುದು. ಪ್ರತಿ ಋತುವಿನ ಕೊನೆಗೆ ಚೀಲಗಳನ್ನು ಮತ್ತೆ ತುಂಬಿಸುವುದು. ಒಂದು ಋತುವಿನಲ್ಲಿ ಬಾಟನ್ನು ದೂರಿದವನೇ ಮುಂದಿನ ಋತುವಿನಲ್ಲಿ ಎದುರುಪಕ್ಷದ ನಾಯಕನಾದುದರಿಂದ, ಪಕ್ಷಪಾತದ ದೂರುಗಳು ಬಹುಮಟ್ಟಿಗೆ ತಣ್ಣಗಾದವು.

ಇದಕ್ಕೆ ತೆತ್ತ ಬೆಲೆಯೂ ಉಂಟು. ಮೊದಲಿನಿಂದ ಘಟ್ಟದವನಾಗಿದ್ದು ಆ ಪಕ್ಷದ ಲಾವಣಿಯನ್ನು ತಾನೇ ಕಟ್ಟಿದ್ದ ಹುಡುಗನೊಬ್ಬನು, ಚೀಟಿಯಲ್ಲಿ ಕಡಲು ಬಂದಾಗ, "ನಾನು ಆಡುವುದಿಲ್ಲ ಮಾಷ್ಟ್ರೇ, ಪಾರ್ಟಿ ಬದಲಿಸುವವನಲ್ಲ ನಾನು" ಎಂದು ಹೊರನಡೆದನು. ಅವನ ನಿಷ್ಠೆಯನ್ನು ಅಲ್ಲಗಳೆಯಲು ನನ್ನಲ್ಲಿ ಯಾವ ಸೂತ್ರವೂ ಇಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನವರು 2022ರಲ್ಲಿ ಎರಡು ಪಕ್ಷದವರೂ ಒಂದೇ ತಂಡವಾಗಿ ಗುಹೆಗಳಿಗೆ ಇಳಿಯಬಹುದೆಂದು ಅನುಮತಿಸಿದಾಗ ಅಲ್ಲಿಯ ಹಳಬರಲ್ಲಿಯೂ ಇಂಥ ಮುನಿಸು ಕಂಡಿತೆಂದು ಅಳಿಯನು ಹೇಳುತ್ತಾನೆ. ಈಗ ಅಳಿಯನೇ ಇನ್ನೊಂದು ಸೂಚನೆಯನ್ನು ಮುಂದಿಟ್ಟಿದ್ದಾನೆ: ಚೀಲಕ್ಕೆ ಹೆಸರು ಹಾಕಲೊಲ್ಲದವರು ತಮ್ಮ ಹಳೆಯ ಪಕ್ಷದಲ್ಲಿಯೇ ಇರಲಿ, ಅದಕ್ಕೆ ಪ್ರತಿಯಾಗಿ ಅವರ ಗಂಟೆಯ ಚೀಟಿಗಳು 19ರ ಬದಲು 25 ಆಗಲಿ. ದಮ್ಮಾಮಿನವರು ಒಪ್ಪಿದ್ದಾರೆ, ಬೆಂಗಳೂರಿನವರು 23ಕ್ಕೆ ಇಳಿಸಬೇಕೆನ್ನುತ್ತಾರೆ, ಚೌಕಾಸಿ ನಡೆದಿದೆ.