ಹೊಲದ ಕಂದಾಯವೂ ಓಟಿನ ಹಕ್ಕೂ

ಪ್ರಶ್ನೆ: ನೂರು ವರ್ಷದ ಹಿಂದೆ ರಾಜರನ್ನು ಇಳಿಸಿ ಗಣರಾಜ್ಯವಾದ ಯುರೋಪಿನ ದೇಶಗಳಲ್ಲಿ ಎಲ್ಲರಿಗೂ ಮತವಿತ್ತೇ? ಆಗ ನಮ್ಮ ಸವಣೂರು ಸೀಮೆಯವರು ಓಟು ಹಾಕುತ್ತಿದ್ದರೇ?
- ಓದುಗರೊಬ್ಬರು, ಯಲವಿಗಿ

ಉತ್ತರ: ಎಲ್ಲರಿಗೂ ಇರಲಿಲ್ಲ. ಪೋರ್ಚುಗಲ್‌ನಲ್ಲಿ 1910ರ ಅಕ್ಟೋಬರಿನಲ್ಲಿ ಅರಸೊತ್ತಿಗೆ ಉರುಳಿತು. ಮರುವರ್ಷ ಮೇ 28ರಂದು ಸಂವಿಧಾನ ಸಭೆಗೆ ಚುನಾವಣೆ. 21 ವರ್ಷ ದಾಟಿದ, ಓದುಬರಹ ಬಲ್ಲವರು ಇಲ್ಲವೇ ಮನೆತನದ ಯಜಮಾನಿಕೆ ಹೊತ್ತವರು ಮತ ಹಾಕಬಹುದಿತ್ತು. ಗಂಡಸರೇ ಆಗಿರಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಕರೋಲಿನಾ ಬಿಯಾಟ್ರಿಜ್ ಆಂಜೆಲೊ ಎಂಬ ವೈದ್ಯೆ ವಿಧವೆ, ಮಗಳನ್ನು ಸಾಕುತ್ತಿದ್ದಾಕೆ. ಯಜಮಾನಿ ನಾನೇ ಎಂದು ಅರ್ಜಿ ಹಾಕಿದರು. ಅಧಿಕಾರಿಗಳು ಒಪ್ಪದಿದ್ದಾಗ ಕೋರ್ಟಿಗೆ ಹೋಗಿ ಗೆದ್ದು, ಲಿಸ್ಬನ್‌ನಲ್ಲಿ ಮತ ಹಾಕಿಯೇ ಬಿಟ್ಟರು. ಅದೇ ವರ್ಷ ತೀರಿಕೊಂಡರು. 1913ರಲ್ಲಿ ಅದೇ ಗಣರಾಜ್ಯ ಕಾಯ್ದೆ ತಿದ್ದಿ, ಮತ ಗಂಡಸರಿಗಷ್ಟೇ ಎಂದು ಬರೆದುಕೊಂಡಿತು. ಪ್ರಜೆಗಳ ಹೆಸರಿನಲ್ಲಿ ರಾಜನನ್ನು ಓಡಿಸಿದವರು ಹೀಗೆ ಮಾಡಿದ್ದು ಇವತ್ತಿಗೂ ಸಿಟ್ಟು ತರಿಸುತ್ತದೆ. ಜರ್ಮನಿಯ ಹೊಸ ಗಣರಾಜ್ಯ ಮೇಲು: 1919ರ ಜನವರಿಯಲ್ಲಿ 20 ತುಂಬಿದ ಹೆಣ್ಣುಗಂಡು ಇಬ್ಬರಿಗೂ ಮತ ಕೊಟ್ಟಿತು.

ಇನ್ನು ನಮ್ಮ ಕಡೆ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಸವಣೂರು ನವಾಬರ ಸಂಸ್ಥಾನ. 1920ರಲ್ಲಿ ಮುಂಬೈ ಕೌನ್ಸಿಲಿಗೆ ಚುನಾವಣೆ ನಡೆದಾಗ ಹಳ್ಳಿಯವರಿಗೆ ಓಟು ಸಿಗುತ್ತಿದ್ದದ್ದು ಮುಖ್ಯವಾಗಿ ಹೊಲದ ಕಂದಾಯದ ಲೆಕ್ಕದಲ್ಲಿ. ಕೂಲಿನಾಲಿ ಮಾಡುವವರು ಪಟ್ಟಿಯ ಹೊರಗೇ. 1921ರಲ್ಲಿ ಹೆಂಗಸರ ಮೇಲಿನ ಅಡ್ಡಿಯೇನೋ ಹೋಯಿತು, ಆದರೆ ಹೊಲ ಅವಳ ಹೆಸರಿನಲ್ಲಿರಬೇಕಲ್ಲ! 1937ರ ಹೊತ್ತಿಗೆ ಕಟ್ಟು ಸಡಿಲವಾದರೂ ಹೆಚ್ಚಿನವರು ಹೊರಗೇ ಉಳಿದರು. ಸಂಸ್ಥಾನದ ಪ್ರಜೆಗಳಿಗಂತೂ ಪ್ರಾಂತ್ಯದ ಚುನಾವಣೆಯೇ ಇಲ್ಲ.

ಸವಣೂರು 1948ರ ಮಾರ್ಚಿನಲ್ಲಿ ಧಾರವಾಡ ಜಿಲ್ಲೆಗೆ ಸೇರಿತು. ನಾಲ್ಕು ವರ್ಷದೊಳಗೆ ಮೊದಲ ಮಹಾಚುನಾವಣೆ; 21 ತುಂಬಿದ ಎಲ್ಲರಿಗೂ ಓಟು, ಕಂದಾಯದ ಮಾತೇ ಇಲ್ಲ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಮತಚೀಟಿಯಲ್ಲಿ ಅಭ್ಯರ್ಥಿಯ ಹೆಸರಿಲ್ಲ, ಮುದ್ರೆ ಒತ್ತುವುದೂ ಇಲ್ಲ. ಮರೆಯಲ್ಲಿ ನಿಂತು, ಬೇಕಾದ ಚಿಹ್ನೆಯ ಪೆಟ್ಟಿಗೆಯೊಳಗೆ ಚೀಟಿ ಇಳಿಬಿಟ್ಟರೆ ಮುಗಿಯಿತು. ಅಕ್ಷರ ಬಾರದವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಧಾರವಾಡ ದಕ್ಷಿಣ ಕ್ಷೇತ್ರದಿಂದ ಕಾಂಗ್ರೆಸ್ಸಿನ ಟಿ.ಆರ್. ನೇಸ್ವಿ ಹೀಗೆ ಮೊದಲ ಲೋಕಸಭೆಗೆ ಆರಿಸಿ ಹೋದರು.