ಪೊರೆಯೊಂದಿಗೆ ಗ್ಲಾಕೋಮಾಕ್ಕೂ ಚಿಕಿತ್ಸೆ

ನಿಮ್ಮ ತಾಯಿಯವರ ಪೊರೆ ತೆಗೆಯುವಾಗಲೇ ಇಡಬಹುದೆಂದು ವೈದ್ಯರು ಸೂಚಿಸಿರುವ ಐಸ್ಟೆಂಟ್ ಎಂಬುದು ಅಕ್ಕಿಕಾಳಿಗಿಂತಲೂ ಎಷ್ಟೋ ಕಿರಿದಾದ ಟೈಟೇನಿಯಂ ನಳಿಕೆಯಾಗಿದ್ದು, ಕಣ್ಣಿನೊಳಗಿನ ದ್ರವವು ಸೋಸಿ ಹೊರಹೋಗಬೇಕಾದ ಜಾಲರಿಯು ಕಟ್ಟಿಕೊಂಡೆಡೆಯಲ್ಲಿ ಅದಕ್ಕೊಂದು ನೇರಮಾರ್ಗವನ್ನು ಕಲ್ಪಿಸಿ, ದೃಷ್ಟಿನರವನ್ನು ಪೀಡಿಸುವ ಒತ್ತಡವನ್ನು ತಗ್ಗಿಸುತ್ತದೆ. ಪೊರೆಗೆಂದು ಮಾಡಿದ ಛೇದದಿಂದಲೇ ಒಳಸೇರಿಸುವರಾದ್ದರಿಂದ ಬೇರೊಂದು ಗಾಯವಿಲ್ಲ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ ಇದಕ್ಕೆ ಸಮ್ಮತಿಯಿತ್ತದ್ದು ದ್ರವ ಹೊರಹೋಗುವ ಕೋನವು ತೆರೆದಿರುವ, ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಗ್ಲಾಕೋಮಾಕ್ಕೆ ಮಾತ್ರ. ಆದಕಾರಣ ಗೋನಿಯೋಸ್ಕೋಪಿಯಿಂದ ಕೋನವನ್ನು ಪರೀಕ್ಷಿಸಿರುವರೇ ಎಂದು ಮೊದಲು ವಿಚಾರಿಸಿರಿ. ರೋಗವು ಬಹಳ ಮುಂದುವರಿದಿದ್ದಲ್ಲಿ ದ್ರವಕ್ಕೆ ಹೊರದಾರಿ ಮಾಡಿಕೊಡುವ ಹಳೆಯ ಶಸ್ತ್ರಚಿಕಿತ್ಸೆಯಾದ ಟ್ರಾಬೆಕ್ಯುಲೆಕ್ಟಮಿಯನ್ನೇ ನಾನು ಹೆಚ್ಚು ನೆಚ್ಚುವೆನು. ಒತ್ತಡ ತಗ್ಗಿಸುವ ಕಣ್ಣಿನ ಹನಿಯ ಸೀಸೆಯನ್ನು ಎಸೆಯಬಹುದೇ ಎಂದಿರಲ್ಲವೇ? ಕೆಲವರಿಗೆ ಹನಿಗಳು ಕಡಿಮೆಯಾಗುವುದುಂಟು, ನಿಲ್ಲುವುದೂ ಉಂಟು; ಕಳೆದುಹೋದ ದೃಷ್ಟಿಯನ್ನಂತೂ ಯಾವ ನಳಿಕೆಯೂ ಮರಳಿ ತಾರದು. ಶಸ್ತ್ರಚಿಕಿತ್ಸೆಯ ಬಳಿಕವೂ ಒತ್ತಡವನ್ನು ಅಳೆದು ನೋಡಿ ವೈದ್ಯರು ಬಿಡಿರೆನ್ನುವವರೆಗೆ ಹನಿಗಳನ್ನು ತಪ್ಪಿಸಕೂಡದು.